ಗುಡ್ಡದ ನೀರು: ಎಲ್ಲಿ ಇಂಗಿಸಬೇಕು, ಎಲ್ಲಿ ಸಾಗಹಾಕಬೇಕು

2018ರ ಆಗಸ್ಟ್ 16ರ ರಾತ್ರಿ ನಮ್ಮ ತೋಟದ ಮೇಲಿನ ಬರೆ (ಕಡಿದಾದ ಇಳಿಜಾರು) ಜರಿಯಿತು. ಮುಕ್ಕಾಲು ಎಕರೆ ರೋಬಸ್ಟಾ ಕಾಫಿ, ಮಾವ ನೆಟ್ಟ ಮೆಣಸಿನ ಬಳ್ಳಿಗಳು, ಎರಡು ದೊಡ್ಡ ಹಲಸಿನ ಮರ, ಎಲ್ಲವೂ ಕೆಸರಾಗಿ ಕೆಳಗಿನ ಕೊಲ್ಲಿಗೆ (ಕಣಿವೆಯ ಹಳ್ಳಕ್ಕೆ) ಇಳಿದವು. ಮನೆ ಉಳಿಯಿತು, ನಾವೂ ಉಳಿದೆವು. ಅದೇ ದಿನಗಳಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಎಷ್ಟೋ ಮನೆಗಳು ಉಳಿಯಲಿಲ್ಲ.

ಮಳೆ ನಿಂತ ಮೇಲೆ ಜರಿದ ಜಾಗವನ್ನು ನೋಡಲು ಹೋದೆ. ಅದರ ನೆತ್ತಿಯಲ್ಲಿ ಮಳೆನೀರು ಇಂಗಿಸುವ ಒಂದು ಸಾಲು ಇಂಗುಗುಂಡಿ ಇತ್ತು. ನಾವೇ ತೋಡಿಸಿದ್ದು. 2016ರಲ್ಲಿ ಮಳೆ ಕೈಕೊಟ್ಟು, ಮುಂದಿನ ಮಾರ್ಚ್‌ಗೇ ಕುಡಿಯುವ ನೀರಿನ ಒರತೆ ಬತ್ತಿತ್ತು. ಒಂದು ತರಬೇತಿಯಲ್ಲಿ ಹೇಳಿಕೊಟ್ಟಂತೆ ಗುಡ್ಡದ ಮೇಲೆಲ್ಲ ಗುಂಡಿ ತೋಡಿಸಿದೆವು. ಬರೆಯ ಬುಡದಲ್ಲಿ ಕಾಫಿ ಸಾಗಿಸಲು ಜೆಸಿಬಿಯಿಂದ ರಸ್ತೆ ಕೊರೆಸಿದ್ದೆವು. ಮೇಲಿಂದ ನೀರು ತುಂಬಿಸಿದೆವು, ಕೆಳಗಿನ ಆಸರೆ ತೆಗೆದೆವು. ಅಂಥ ಮಳೆಗೆ ಅದು ನಿಲ್ಲುವುದಾದರೂ ಹೇಗೆ?

ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಮಡಿಕೇರಿಯಿಂದ ಸೋಮವಾರಪೇಟೆ ಕಡೆಗಿನ ಗುಡ್ಡಸಾಲು. ನಮ್ಮ ಕೊಲ್ಲಿಯ ನೀರು ಹಾರಂಗಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಇಂಥದೇ ಇಳಿಜಾರು, ಇಂಥದೇ ಮಳೆ ಇರುವ ಚಿಕ್ಕಮಗಳೂರು, ಸಕಲೇಶಪುರ, ಶಿರಸಿ ಕಡೆಯವರಿಗೂ ಇದು ಉಪಯೋಗವಾಗಬಹುದು. ಬಯಲುಸೀಮೆಗೆ ಲೆಕ್ಕ ಬೇರೆ.

ಮೊದಲು ಮಳೆಯ ಲೆಕ್ಕ

ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುವುದು ವಾಡಿಕೆ. ಮಾವನ ಹಳೆಯ ಪುಸ್ತಕ ತೆಗೆದರೆ ಆರಿದ್ರಾ, ಪುನರ್ವಸು ಮಳೆ ದಿನವೂ ಸ್ವಲ್ಪ ಸ್ವಲ್ಪ ಹೊಯ್ದದ್ದು ಕಾಣುತ್ತದೆ. ಈಗ ನನ್ನ ಪುಸ್ತಕದಲ್ಲಿ ಜೂನ್‌ನ ಎಷ್ಟೋ ಸಾಲುಗಳು ಖಾಲಿ. ಆಮೇಲೆ ನಾಲ್ಕೇ ದಿನದಲ್ಲಿ ತಿಂಗಳ ಮಳೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಬಿಸಿ ಗಾಳಿ ಜಾಸ್ತಿ ತೇವ ಹೊತ್ತು ತರುತ್ತದೆ, ಘಟ್ಟಕ್ಕೆ ತಾಗಿದಾಗ ಒಮ್ಮೆಲೇ ಸುರಿಯುತ್ತದೆ. 2018, 2019, 2020, ಮೂರು ವರ್ಷವೂ ಕೊಡಗಿನಲ್ಲಿ ಗುಡ್ಡ ಜರಿದದ್ದು ಆಗಸ್ಟ್‌ನ ಆಶ್ಲೇಷಾ ಮಳೆಯ ದಿನಗಳಲ್ಲೇ. ‘ಆಶ್ಲೇಷಾ ಮಳೆ ಈಸಲಾರದ ಹೊಳೆ’ ಅಂತ ಹಿರಿಯರು ಹೇಳುತ್ತಿದ್ದರಲ್ವಾ, ಈಗ ಹೊಳೆಯ ಜೊತೆ ಗುಡ್ಡಕ್ಕೂ ಹೆದರಬೇಕಾಗಿದೆ.

ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಹವಾಮಾನ ಇಲಾಖೆ ‘ಅತ್ಯಂತ ಭಾರಿ ಮಳೆ’ ಅನ್ನುವುದು ದಿನಕ್ಕೆ 204.5 ಮಿಲಿಮೀಟರ್ ದಾಟಿದಾಗ, ಅಂದರೆ 8 ಇಂಚು. ಆ ದಿನ ಒಂದೊಂದು ಎಕರೆ ಮೇಲೂ 8 ಲಕ್ಷ ಲೀಟರಿಗಿಂತ ಜಾಸ್ತಿ ಬೀಳುತ್ತದೆ. ಈಗ ಗುಂಡಿಯ ಲೆಕ್ಕ ನೋಡಿ. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಗೆ ಹಿಡಿಸುವುದು ಸುಮಾರು 380 ಲೀಟರ್. ಎಕರೆಗೆ ನೂರು ತೋಡಿದರೂ ಒಮ್ಮೆಗೆ ಹಿಡಿಸುವುದು 38 ಸಾವಿರ ಲೀಟರ್. ಅರ್ಧ ಇಂಚು ಮಳೆಯೂ ಅಲ್ಲ.

ಈ ಲೆಕ್ಕ ಹಾಕಿದ ದಿನ ನನ್ನ ಯೋಚನೆಯೇ ಬದಲಾಯಿತು. ಗುಂಡಿ ಇರುವುದು ಕಾಫಿ ಹೂ ಅರಳಿಸುವ ಹೂಮಳೆಗೆ, ಮೇ ತಿಂಗಳ ಗುಡುಗು ಮಳೆಗೆ, ಜೂನ್‌ನ ಮೊದಲ ಮಳೆಗೆ. ಆಶ್ಲೇಷಾ ಮಳೆಗೆ ಅದು ಏನೂ ಅಲ್ಲ. ಆಗ ನೀರಿಗೆ ದಾರಿ ಬೇಕು.

ಕೊಡೆ ಹಿಡಿದು ತಿರುಗಿ

ಬೇಸಿಗೆಯಲ್ಲಿ ಗುಡ್ಡ ನೋಡಿದರೆ ಅರ್ಧವೂ ತಿಳಿಯುವುದಿಲ್ಲ. ಪುನರ್ವಸು ಮಳೆ ಹಿಡಿದಾಗ, ಕಾಲಿಗೆ ಜಿಗಣೆ ಹತ್ತಿದರೂ ಸರಿ, ಜಾಗದ ನೆತ್ತಿಯಿಂದ ಕೊಲ್ಲಿಯವರೆಗೆ ನಡೆಯಿರಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಸೇರುತ್ತದೆ, ಎಲ್ಲಿ ಕೆಂಪಗಿದೆ, ಎಲ್ಲಿ ತಿಳಿಯಾಗಿದೆ, ಇವನ್ನೆಲ್ಲ ಗುರುತು ಮಾಡಿ. ಮಳೆಗಾಲದಲ್ಲಿ ಮಾತ್ರ ನೆಲದಿಂದ ಜಲ ಒಡೆಯುವ (ನೀರು ಉಕ್ಕುವ) ಜಾಗಕ್ಕೊಂದು ಗೂಟ ಹೊಡೆಯಿರಿ. ನಾನು ಹಳೆಯ ಕಾಫಿ ಚೀಲದ ಬಟ್ಟೆ ಕಟ್ಟುತ್ತೇನೆ, ದೂರಕ್ಕೆ ಕಾಣುತ್ತದೆ.

ಹಾಗೆಯೇ ರಸ್ತೆ ಕೊರೆದ ಕಡೆ ಮಣ್ಣಿನ ಪದರ ನೋಡಿ. ಮೇಲೆ ಕಪ್ಪು ಮಣ್ಣು, ಕೆಳಗೆ ಕೆಂಪು ಮಣ್ಣು. ಅದರ ಕೆಳಗೆ ಕೆಲವು ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣ್ಣನೆ ಮಣ್ಣು ಸಿಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಅದನ್ನು ಶೇಡಿ ಮಣ್ಣು ಅನ್ನುತ್ತಾರೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಸಾಬೂನು. ಮೇಲಿನ ಕೆಂಪು ಮಣ್ಣು ನೆನೆದು ಭಾರವಾದಾಗ ಅದರ ಮೇಲೆಯೇ ಜಾರುವುದು. ಇಳಿಜಾರಿನಲ್ಲಿ ಶೇಡಿ ಮಣ್ಣು ಕಂಡರೆ ಅಲ್ಲಿ ನೀರಿಂಗಿಸುವ ಆಲೋಚನೆ ಬಿಟ್ಟುಬಿಡಿ.

ಇಳಿಜಾರು ಅಳೆಯುವ ಕೋಲು

ಒಂದು ಮೀಟರ್ ಉದ್ದದ ರೀಪರ್ (ಮರದ ಪಟ್ಟಿ) ಸಾಕು. ಅದರ ಮೇಲೊಂದು ರಸಮಟ್ಟ (ಸ್ಪಿರಿಟ್ ಲೆವೆಲ್) ಇಡಿ. ರೀಪರಿನ ಒಂದು ತುದಿ ಮೇಲಿನ ಕಡೆ ನೆಲಕ್ಕೆ ತಾಗಲಿ, ಇನ್ನೊಂದು ತುದಿ ಕೆಳಗಿನ ಕಡೆ ಗಾಳಿಯಲ್ಲಿರಲಿ. ಮಟ್ಟವಾದಾಗ ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ.

25ರ ಒಳಗಿದ್ದರೆ ನಾನು ಗುಂಡಿ ತೋಡಿಸುತ್ತೇನೆ. 25ರಿಂದ 45ರವರೆಗೆ ಗುಂಡಿ ಇಲ್ಲ, ಬೇರು, ತರಗೆಲೆ, ಬಸಿಗಾಲುವೆ ಮಾತ್ರ. 45 ದಾಟಿದರೆ ಸುಮಾರು 24 ಡಿಗ್ರಿ ಇಳಿಜಾರು. ಅಲ್ಲಿ ಹೊಸದಾಗಿ ಏನನ್ನೂ ಅಗೆಯುವುದಿಲ್ಲ, ಕಾಡು ಬೆಳೆಯಲು ಬಿಟ್ಟಿದ್ದೇನೆ. ಇವು ನನ್ನ ಜಾಗಕ್ಕೆ ನಾನು ಇಟ್ಟುಕೊಂಡ ಅಳತೆ. ನಿಮ್ಮ ಮಣ್ಣು ಸಡಿಲವಾಗಿದ್ದರೆ ಇನ್ನೂ ಬಿಗಿ ಮಾಡಿಕೊಳ್ಳಿ.

ಇನ್ನೊಂದು ಮಾತು, ನಾನು ತಪ್ಪಿದ್ದೇ ಇಲ್ಲಿ. ನೆತ್ತಿಯ ಜಾಗ ಸಮತಟ್ಟಾಗಿದೆ ಅಂತ ಅಲ್ಲಿ ಗುಂಡಿ ತೋಡಬೇಡಿ. ಅದರ ಕೆಳಗೇ ಕಡಿದಾದ ಬರೆ ಇದ್ದರೆ ಆ ನೀರೆಲ್ಲ ಬರೆಯ ಹೊಟ್ಟೆಗೇ ಹೋಗುತ್ತದೆ. ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ 2020ರ ಆಗಸ್ಟ್‌ನಲ್ಲಿ ಜರಿದಾಗಲೂ ಮೇಲಿದ್ದ ಇಂಗುಗುಂಡಿಗಳ ಬಗ್ಗೆ ಪ್ರಶ್ನೆ ಎದ್ದಿತ್ತು. ಬರೆಯ ಅಂಚಿನಿಂದ, ಮನೆ, ಕಾರ್ಮಿಕರ ಲೈನ್ ಮನೆಗಳ ಮೇಲ್ಭಾಗದಿಂದ ಗುಂಡಿ ದೂರವಿರಲಿ. ಹಳೆಯವು ಇದ್ದರೆ ಮೇ ತಿಂಗಳೊಳಗೆ ಮಣ್ಣು ತುಂಬಿ, ಚೆನ್ನಾಗಿ ತುಳಿದು ಮುಚ್ಚಿ. ನಾನು ಉಳಿದ ಹದಿನೇಳನ್ನೂ ಮುಚ್ಚಿಸಿದೆ.

ಗುಂಡಿ ತೋಡುವ ಕಡೆ

ಇಳಿಜಾರು ಕಡಿಮೆ ಇರುವಲ್ಲಿ ತೊಟ್ಟಿಲು ಗುಂಡಿ (ಮೇಲೆ ಲೆಕ್ಕ ಹಾಕಿದಂಥ ಉದ್ದನೆಯ ಇಂಗುಗುಂಡಿ) ಒಳ್ಳೆಯದೇ. ಕಾಫಿ ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಒಂದರ ಕೆಳಗೆ ಒಂದು ಬಾರದಂತೆ ಬಿಟ್ಟುಬಿಟ್ಟು ತೋಡಿ. ಸಮಪಾತಳಿ ಗೆರೆ, ಅಂದರೆ ಇಳಿಜಾರಿನಲ್ಲಿ ಒಂದೇ ಮಟ್ಟದ ಗೆರೆ, ಹಾಕಲು ಎ-ಫ್ರೇಮ್ ಮಾಡಿಕೊಳ್ಳಿ. ಏಳಡಿಯ ಎರಡು ಕೋಲುಗಳನ್ನು ಮೇಲ್ತುದಿಯಲ್ಲಿ ಕಟ್ಟಿ, ಸೊಂಟದ ಎತ್ತರಕ್ಕೆ ಅಡ್ಡಕೋಲು ಬಿಗಿದು, ತುದಿಯಿಂದ ದಾರಕ್ಕೊಂದು ಕಲ್ಲು ಇಳಿಬಿಡಿ. ಎರಡೂ ಕಾಲು ಊರಿದಾಗ ದಾರ ಅಡ್ಡಕೋಲಿಗೆ ತಾಗುವ ಜಾಗಕ್ಕೆ ಗುರುತು ಹಾಕಿ. ಅದೇ ಎರಡು ಜಾಗದಲ್ಲಿ ಕಾಲು ಅದಲುಬದಲು ಮಾಡಿ ಇನ್ನೊಂದು ಗುರುತು. ಎರಡರ ನಡುವೆ ದಾರ ನಿಂತರೆ ಮಟ್ಟ. ನಮ್ಮಲ್ಲಿ ಕೆಲಸಕ್ಕೆ ಬರುವವರು ಅರ್ಧ ಗಂಟೆಯಲ್ಲಿ ಕಲಿತರು.

ಗುಂಡಿಗಿಂತ ಜಾಸ್ತಿ ನೀರು ಹಿಡಿಯುವುದು ತರಗೆಲೆ ಹೊದ್ದ ಮಣ್ಣು. ಕಳೆನಾಶಕ ಹೊಡೆದು ನೆಲ ಬೋಳು ಮಾಡುವುದನ್ನು ನಾವು ನಿಲ್ಲಿಸಿದೆವು. ಯಂತ್ರದಲ್ಲಿ ಕತ್ತರಿಸಿ ಅಲ್ಲೇ ಬಿಡುತ್ತೇವೆ. ಬೇರು ಮಣ್ಣಿನಲ್ಲೇ ಉಳಿಯುತ್ತದೆ. ಕೂಲಿ ಖರ್ಚು ಹೆಚ್ಚಾಗಿದೆ, ಸುಳ್ಳು ಹೇಳುವುದಿಲ್ಲ. ನೆರಳಿಗೆ ಸುಮ್ನೆ ಸಿಲ್ವರ್ ಓಕ್ ಒಂದನ್ನೇ ತುಂಬಬೇಡಿ. ಹಲಸು, ಅತ್ತಿ, ನೇರಳೆ, ಹಾಲುವಾಣ ಬೆರೆತಿರಲಿ. ಬೇರುಗಳು ಬೇರೆ ಬೇರೆ ಆಳಕ್ಕೆ ಇಳಿಯುತ್ತವೆ.

ಕಡಿದಾದ ಕಡೆ ನೀರು ಸಾಗಿಸಿ

ಬರೆಯ ಮೇಲ್ಗಡೆ, ಅಂಚಿನಿಂದ ಸಾಕಷ್ಟು ಹಿಂದೆ, ಒಂದು ಬಸಿಗಾಲುವೆ ಬೇಕು. ಮೇಲಿನ ನೀರನ್ನು ಅದು ಪಕ್ಕದ ಗಟ್ಟಿ ತೋಡಿಗೆ (ಹಳ್ಳಕ್ಕೆ) ಒಯ್ಯಬೇಕು. 100 ಅಡಿಗೆ ಅರ್ಧ ಅಡಿಯಿಂದ ಒಂದು ಅಡಿ ಇಳಿಕೆ ಸಾಕು, ಜಾಸ್ತಿ ಕೊಟ್ಟರೆ ಕಾಲುವೆಯೇ ಕೊರೆದುಕೊಳ್ಳುತ್ತದೆ. ಶೇಡಿ ಮಣ್ಣು ಸಿಕ್ಕ ಕಡೆ ಕಾಲುವೆಯ ತಳಕ್ಕೆ ಪ್ಲಾಸ್ಟಿಕ್ ಹಾಸಿ ಕಲ್ಲು ಜೋಡಿಸಿ. ತರಗೆಲೆ ಕಟ್ಟಿಕೊಂಡರೆ ಕಾಲುವೆ ಇಂಗುಗುಂಡಿಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಗುದ್ದಲಿ ಹಿಡಿದು ಹೋಗಲೇಬೇಕು.

ಮಾಡಿನ (ಮನೆಯ ಚಾವಣಿಯ) ನೀರನ್ನು ಬಹಳ ಜನ ಮರೆಯುತ್ತಾರೆ. 1500 ಚದರಡಿ ಮಾಡಿನ ಮೇಲೆ 8 ಇಂಚು ಸುರಿದರೆ 28 ಸಾವಿರ ಲೀಟರ್. ಅದು ಅಂಗಳದ ಅಂಚಿನಿಂದ ಬರೆಗೆ ಸುರಿಯುತ್ತಿದ್ದರೆ ಇವತ್ತೇ ಪೈಪ್ ಹಾಕಿ ತೋಡಿಗೆ ಬಿಡಿ. ಕಾಫಿ ಕಣದ ನೀರಿಗೂ ಇದೇ ಮಾತು.

ಇನ್ನು ಜೆಸಿಬಿ. ಗುಡ್ಡದ ಬುಡ ಕೊರೆಯಬೇಡಿ, ತಲೆ ಬೋಳಿಸಿ ಮಟ್ಟ ಮಾಡಬೇಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಜರಿದದ್ದು ಹೆದ್ದಾರಿಗಾಗಿ ಬುಡ ಕೊರೆದ ಗುಡ್ಡ. ಹೋಂಸ್ಟೇ ಕಟ್ಟಲು ಒಳ್ಳೆಯ ನೋಟ ಬೇಕು ಅಂತ ನೆತ್ತಿ ಕತ್ತರಿಸಿದವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಮಣ್ಣು ಜರಿಯುವುದು ಕೆಳಗಿನ ಲೈನ್ ಮನೆಯವರ ಮೇಲೆ.

ಕೊಲ್ಲಿ ಮತ್ತು ಗದ್ದೆ

ತೋಡಿನ ಎರಡೂ ದಡದಲ್ಲಿ ಹತ್ತು ಮೀಟರ್ ಬಿಟ್ಟುಬಿಡಿ. ವಾಟೆ, ಬಿದಿರು, ಮುಂಡುಗ ಬಂದಷ್ಟೂ ಒಳ್ಳೆಯದು. ಒರತೆಯ ತಲೆಯ ಮೇಲೆ ಕೊಳವೆಬಾವಿ ಬೇಡ. ದೇವರಕಾಡಿನ ಒಳಗಿನ ಒರತೆಗಳು ಏಪ್ರಿಲ್‌ವರೆಗೂ ಹರಿಯುವುದನ್ನು ನೋಡಿದ್ದೇನೆ, ಅಲ್ಲಿ ಯಾರೂ ಗುಂಡಿ ತೋಡಿಲ್ಲ.

ಕಣಿವೆಯ ಗದ್ದೆಯನ್ನು ಪಾಳು ಬಿಡಬೇಡಿ, ಮಣ್ಣು ತುಂಬಿ ಸೈಟ್ ಮಾಡಬೇಡಿ. ಭತ್ತದಲ್ಲಿ ಲಾಭವಿಲ್ಲ, ಗೊತ್ತು. ಆದರೆ ಗುಂಡಿಗಳು ಹಿಡಿಯದ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿಕೊಳ್ಳುವುದು ಬದು ಗಟ್ಟಿಯಿರುವ ಗದ್ದೆ. ಅಲ್ಲಿ ಜರಿಯುವ ಭಯವಿಲ್ಲ. ಗುಡ್ಡದಿಂದ ಇಳಿದ ಮಣ್ಣೂ ಅಲ್ಲೇ ನಿಲ್ಲುತ್ತದೆ. 2018ರಲ್ಲಿ ಹಾಗೆ ನಿಲ್ಲದೆ ಹೋದ ಮಣ್ಣೇ ಹಾರಂಗಿ ಜಲಾಶಯದಲ್ಲಿ ಹೂಳಾಗಿ ಕೂತದ್ದು. ನಾವು ಒಂದೂವರೆ ಎಕರೆ ನಾಟಿ ಮಾಡುತ್ತೇವೆ, ಮನೆಗೆ ಅಕ್ಕಿಯೂ ಆಗುತ್ತದೆ.

ಮನೆ ಬಿಡುವ ಹೊತ್ತು

ಎಷ್ಟೇ ಜೋಪಾನ ಮಾಡಿದರೂ ಆಶ್ಲೇಷಾ ಬಂದಾಗ ಎಚ್ಚರವಿರಬೇಕು. ನೆಲದಲ್ಲಿ ಕಮಾನಿನಂತೆ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಚೌಕಟ್ಟಿಗೆ ಬಿಗಿ ಹಿಡಿಯುವ ಬಾಗಿಲು, ಹೊಸ ಜಾಗದಲ್ಲಿ ಒಡೆಯುವ ಜಲ. ತಿಳಿಯಾಗಿದ್ದ ಒರತೆ ಕೆಂಪಾದರೆ ಒಳಗೆ ಮಣ್ಣು ಕದಲುತ್ತಿದೆ, ಜೋರು ಮಳೆಯಲ್ಲೂ ತೋಡಿನ ನೀರು ಒಮ್ಮೆಲೇ ಕಡಿಮೆಯಾದರೆ, ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ನಮ್ಮಲ್ಲಿ ಅಂದು ಸಂಜೆ ಒರತೆ ಕೆಂಪಾಗಿತ್ತು. ಮಾವ ನೋಡಿ, ‘ಏಳಿ, ಹೋಗೋಣ’ ಅಂದರು. ದನಗಳ ಹಗ್ಗ ಬಿಚ್ಚಿ, ಲೈನ್ ಮನೆಯ ಮೂರು ಸಂಸಾರವನ್ನೂ ಕರೆದುಕೊಂಡು ಹೊರಟೆವು. ಮಾವ ಆ ಮಾತು ಹೇಳದಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ತೋಡಿನ ಉದ್ದಕ್ಕೆ ಕೆಳಗೆ ಓಡಬೇಡಿ, ಪಕ್ಕದ ಏರು ಜಾಗಕ್ಕೆ ಹೋಗಿ. ಜಾಗ ಯಾವುದು ಅಂತ ಜೂನ್‌ನಲ್ಲೇ ಎಲ್ಲರಿಗೂ ತೋರಿಸಿಡಿ. ಕೆಲಸಕ್ಕೆ ಬರುವವರ ಮಕ್ಕಳಿಗೂ ಗೊತ್ತಿರಲಿ.

ಒರತೆಯ ಅಳತೆ

ಇಷ್ಟು ಮಾಡಿದ್ದಕ್ಕೆ ಫಲ ಇದೆಯೋ ಇಲ್ಲವೋ ಅಂತ ತಿಳಿಯುವುದು ಬೇಸಿಗೆಯಲ್ಲಿ. ಜನವರಿಯಿಂದ ಮೇವರೆಗೆ ತಿಂಗಳ ಮೊದಲ ದಿನ ಒರತೆಯ ಪೈಪಿಗೆ ಹತ್ತು ಲೀಟರ್ ಬಕೆಟ್ ಹಿಡಿಯಿರಿ, ತುಂಬಲು ಎಷ್ಟು ಸೆಕೆಂಡ್ ಅಂತ ಬರೆದಿಡಿ. ಪಕ್ಕದಲ್ಲಿ ಆ ವರ್ಷದ ಮಳೆಯನ್ನೂ ಬರೆಯಿರಿ, ಇಲ್ಲದಿದ್ದರೆ ಒಳ್ಳೆಯ ಮಳೆಯ ವರ್ಷ ನಮ್ಮ ಕೆಲಸವೇ ಫಲ ಕೊಟ್ಟಿತು ಅನಿಸಿಬಿಡುತ್ತದೆ. ಎರಡು ಮೂರು ವರ್ಷ ಮಳೆ ಸರಿಯಾಗಿದ್ದೂ ಒರತೆ ಸೊರಗುತ್ತಿದ್ದರೆ ಮೇಲಿನ ಜಾಗದಲ್ಲಿ ಏನು ಬದಲಾಗಿದೆ ನೋಡಿ. ಕೆಲವೊಮ್ಮೆ ಆ ಜಾಗ ನಿಮ್ಮದಲ್ಲ, ಬಂಡೆಯ ಓರೆ ಹೇಗಿದೆಯೋ ಹಾಗೆ ಗುಡ್ಡದ ಆಚೆ ಮಗ್ಗುಲಿನಿಂದಲೂ ನೀರು ಬರುತ್ತದೆ. ನಮ್ಮ ಒರತೆಗೆ ಅರ್ಧ ನೀರು ಪಕ್ಕದವರ ಬಾಣೆಯಿಂದ (ಗದ್ದೆಗೆ ಸೇರಿದ ಮರಗಳಿರುವ ಗುಡ್ಡದ ಜಾಗದಿಂದ) ಬರುತ್ತಿದೆ ಅಂತ ತಿಳಿದದ್ದು ಅವರು ಅಲ್ಲಿ ಮರ ಕಡಿಸಿದ ವರ್ಷ. ಹೋಗಿ ಮಾತಾಡಿದೆ, ಪುಸ್ತಕ ತೋರಿಸಿದೆ. ಉಳಿದ ಮರಗಳನ್ನು ಅವರು ಬಿಟ್ಟಿದ್ದಾರೆ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಇಪ್ಪತ್ತು ಅತ್ತಿ ಸಸಿ ನಾನೇ ಹೊತ್ತುಕೊಂಡು ಹೋದೆ.