ಒಂದು ನರಕೋಶದ ಕಾಂಟ್ರಾಸ್ಟ್ ರೇಖೆಗೆ ಸೂತ್ರ ಹೊಂದಿಸಿದ ಬಗೆ

ಹಾಸನದ ಮನೆಯಲ್ಲಿ ನನಗೆ ಪ್ರಯೋಗಾಲಯವಿಲ್ಲ. ಇರುವುದು ಒಂದು ಲ್ಯಾಪ್‌ಟಾಪ್ ಮತ್ತು ಸಂಶೋಧಕರು ಮುಕ್ತವಾಗಿ ಹಂಚಿಕೊಂಡಿರುವ ದತ್ತಾಂಶ. ಚಲಿಸುವ ಕಪ್ಪು-ಬಿಳಿ ಪಟ್ಟಿಗಳನ್ನು ಕಂಡಾಗ ದೃಷ್ಟಿ ಮೆದುಳಿನ ಒಂದು ನರಕೋಶ ಎಷ್ಟು ಸ್ಪೈಕ್‌ಗಳನ್ನು (ಕ್ಷಣಿಕ ವಿದ್ಯುತ್ ಮಿಡಿತಗಳನ್ನು) ಹೊಮ್ಮಿಸಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಕಾಂಟ್ರಾಸ್ಟ್ ಎಂದರೆ ಗರಿಷ್ಠ ಮತ್ತು ಕನಿಷ್ಠ ಪ್ರಕಾಶಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಬರುವ ಸಂಖ್ಯೆ. ಸಕಲೇಶಪುರದ ಘಾಟಿಯಲ್ಲಿ ಹಗಲು ಮಂಜು ಕವಿದಾಗ ಕಡಿಮೆಯಾಗುವುದು ಬೆಳಕಿಗಿಂತ ಹೆಚ್ಚಾಗಿ ಇದೇ.

ಕಾಂಟ್ರಾಸ್ಟ್ ಏರಿದಂತೆ ಸ್ಪೈಕ್‌ಗಳು ಹೇಗೆ ಹೆಚ್ಚುತ್ತವೆಂದು ತೋರಿಸುವ ರೇಖೆಗೆ ನಾನು ಬಳಸಿದ್ದು ನಾಕಾ–ರಷ್ಟನ್ ಸೂತ್ರವನ್ನು. 1966ರಲ್ಲಿ ಮೀನಿನ ಅಕ್ಷಿಪಟಲದ ಅಧ್ಯಯನದಲ್ಲಿ ಬೆಳಕಿನ ತೀವ್ರತೆಗಾಗಿ ಬಂದ ಈ ಸೂತ್ರ, ಬೆಕ್ಕು ಮತ್ತು ಕೋತಿಗಳ ದೃಷ್ಟಿ ಮೆದುಳಿನ ಕಾಂಟ್ರಾಸ್ಟ್ ರೇಖೆಗೂ ಚೆನ್ನಾಗಿ ಹೊಂದುತ್ತದೆಂದು ಆಲ್ಬ್ರೆಕ್ಟ್ ಮತ್ತು ಹ್ಯಾಮಿಲ್ಟನ್ 1982ರಲ್ಲಿ ತೋರಿಸಿದರು. ಅದರಲ್ಲಿ ಗರಿಷ್ಠ ಪ್ರತಿಕ್ರಿಯೆ, ಅದರ ಅರ್ಧವನ್ನು ಕೊಡುವ ಕಾಂಟ್ರಾಸ್ಟ್ (ಇದನ್ನು ಅರ್ಧಮಟ್ಟ ಎನ್ನೋಣ), ಏರಿಕೆ ಎಷ್ಟು ಕಡಿದು ಎಂಬುದನ್ನು ನಿರ್ಧರಿಸುವ ಘಾತಾಂಕ ಎಂಬ ಮೂರು ಅಂಶಗಳಿವೆ. ಪಟ್ಟಿಗಳಿಲ್ಲದಾಗಲೂ ಬರುವ ಸ್ಪೈಕ್‌ಗಳಿಗೆಂದು ನಾಲ್ಕನೆಯದನ್ನು ಕೂಡಿಸಿಕೊಂಡೆ. ಅರ್ಧಮಟ್ಟ 20 ಶೇಕಡಾ, ಘಾತಾಂಕ 2 ಎಂದಿಟ್ಟುಕೊಂಡರೆ 10 ಶೇಕಡಾ ಕಾಂಟ್ರಾಸ್ಟ್‌ಗೆ ಗರಿಷ್ಠದ ಐದನೇ ಒಂದು ಭಾಗ, 40ಕ್ಕೆ ಐದನೇ ನಾಲ್ಕು ಭಾಗ ಸಿಗುತ್ತದೆ. ಅಲ್ಲಿಂದ ಮುಂದೆ ರೇಖೆ ಹೆಚ್ಚು ಏರುವುದಿಲ್ಲ.

ಸ್ಪೈಕ್‌ಗಳ ಸರಾಸರಿ ಏರಿದಂತೆ ಅವುಗಳ ಏರಿಳಿತವೂ ಹೆಚ್ಚುವುದರಿಂದ, ಎಲ್ಲ ಬಿಂದುಗಳಿಗೂ ಸಮಾನ ತೂಕ ಕೊಡುವ ಕನಿಷ್ಠ ವರ್ಗ ವಿಧಾನವನ್ನು ಬಿಟ್ಟು, ಪ್ವಾಸೋನ್ ಸಂಭವನೀಯತೆಯನ್ನು (ಎಣಿಕೆಗಳ ಏರಿಳಿತವನ್ನು ವಿವರಿಸುವ ಪ್ವಾಸೋನ್ ಮಾದರಿಯಲ್ಲಿ ಈ ದತ್ತಾಂಶವೇ ಬರುವ ಸಾಧ್ಯತೆಯನ್ನು) ಗರಿಷ್ಠಗೊಳಿಸುವ ಪೈಥಾನ್ ಪ್ರೋಗ್ರಾಂ ಬರೆದೆ. ಅಂಶಗಳು ಋಣಾತ್ಮಕವಾಗದಿರಲು ಅವುಗಳ ಲಾಗರಿದಮ್ ಅನ್ನೇ ಹುಡುಕುವಂತೆ ಮಾಡಿದೆ.

ನಿಜವಾದ ತೊಡಕು 100 ಶೇಕಡಾ ಕಾಂಟ್ರಾಸ್ಟ್‌ನಲ್ಲೂ ಏರುತ್ತಲೇ ಇರುವ ನರಕೋಶಗಳದ್ದು. ಕಾಂಟ್ರಾಸ್ಟ್ ಅರ್ಧಮಟ್ಟಕ್ಕಿಂತ ಬಹಳ ಕೆಳಗಿರುವಾಗ ಸೂತ್ರವು ಬರಿಯ ಘಾತ ನಿಯಮವಾಗಿಬಿಡುತ್ತದೆ, ಅಂದರೆ ಪ್ರತಿಕ್ರಿಯೆ ಕಾಂಟ್ರಾಸ್ಟ್‌ನ ಒಂದು ಘಾತಕ್ಕೆ ಅನುಪಾತದಲ್ಲಿ ಏರುತ್ತಲೇ ಹೋಗುತ್ತದೆ. ಗರಿಷ್ಠವನ್ನೂ ಅರ್ಧಮಟ್ಟವನ್ನೂ ಒಟ್ಟಿಗೆ ಏರಿಸಿದರೆ ರೇಖೆ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದರಿಂದ, ದತ್ತಾಂಶ ಅವೆರಡನ್ನೂ ಬೇರ್ಪಡಿಸಲಾರದು. ಕಂಪ್ಯೂಟರ್ ಮಾತ್ರ ಯಾವುದೋ ಒಂದು ಜೋಡಿಯನ್ನು ದಶಾಂಶ ಸಮೇತ ಮುದ್ರಿಸುತ್ತದೆ! ಆದ್ದರಿಂದ ಅರ್ಧಮಟ್ಟವನ್ನು ಒಂದೊಂದು ಬೆಲೆಯಲ್ಲಿ ಸ್ಥಿರವಾಗಿಟ್ಟು, ಉಳಿದವನ್ನು ಮತ್ತೆ ಹೊಂದಿಸಿ, ಸಂಭವನೀಯತೆ ಎಷ್ಟು ಕುಸಿಯುತ್ತದೆಂದು ನೋಡುವುದನ್ನು ರೂಢಿ ಮಾಡಿಕೊಂಡೆ. ಕುಸಿತವೇ ಕಾಣದಿದ್ದರೆ ಆ ಕೋಶದ ಅರ್ಧಮಟ್ಟವನ್ನು ಕೋಷ್ಟಕಕ್ಕೆ ಸೇರಿಸದೆ, ಅಳೆದ ಅತಿ ಹೆಚ್ಚಿನ ಕಾಂಟ್ರಾಸ್ಟ್‌ನಲ್ಲಿ ಬಂದ ಪ್ರತಿಕ್ರಿಯೆಯ ಅರ್ಧವನ್ನು ಯಾವ ಕಾಂಟ್ರಾಸ್ಟ್ ಕೊಡುತ್ತದೆಂಬುದನ್ನಷ್ಟೇ ಬರೆಯುತ್ತೇನೆ.