ತೋಟದ ಮಣ್ಣಿನಿಂದ ಜೀನೋಮ್ ಕೆಲಸ: ಊರಲ್ಲಿದ್ದುಕೊಂಡೇ ಶುರು ಮಾಡೋದು ಹೇಗೆ?

ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಮೈಕ್ರೋಬಯಾಲಜಿ ಓದುವವರು, ಕಲಿಸುವವರು ಸೀಕ್ವೆನ್ಸರ್ (ಡಿಎನ್‌ಎ ಅಕ್ಷರಗಳನ್ನು ಓದುವ ಮೆಷಿನ್) ಇಲ್ಲ ಅಂತ ಜೀನೋಮ್ ಕೆಲಸದ, ಅಂದರೆ ಜೀವಿಯ ಇಡೀ ಡಿಎನ್‌ಎ ಓದುವ ಕೆಲಸದ ಆಸೆಯನ್ನೇ ಬಿಡಬೇಡಿ. ಮೆಷಿನ್ ಬೇರೆಯವರ ಹತ್ತಿರ ಇರಲಿ. ಸಕಲೇಶಪುರದ ಮಣ್ಣು, ಆ ಮಣ್ಣಿಗೆ ಏನೇನು ಆಗಿದೆ ಅನ್ನೋ ಲೆಕ್ಕ ಅವರ ಹತ್ತಿರ ಇಲ್ಲ, ಅಲ್ವಾ? ನಿಮ್ಮ ಪಾಲು ಅದೇ.

ಮೊದಲು ಒಂದು ಪ್ರಶ್ನೆ ಬೇಕು. ಸುಮ್ನೆ ಏನಿದೆ ನೋಡೋಣ ಅಂದರೆ ಯಾರೂ ಜೊತೆಗೆ ಬರಲ್ಲ. ವರ್ಷಾನುವರ್ಷ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ತಾಮ್ರದ ಔಷಧಿ) ಹೊಡೆದ ಕಾಫಿ ತೋಟದಲ್ಲಿ ತಾಮ್ರವನ್ನು ತಡೆದುಕೊಂಡು ಬದುಕಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು, ಪಕ್ಕದ ಔಷಧಿ ಕಾಣದ ಮಣ್ಣಿನವುಗಳಿಗಿಂತ ಬೇರೆ ರಾಸಾಯನಿಕಗಳನ್ನು ತಯಾರಿಸುತ್ತವಾ? ಇದು ಪ್ರಶ್ನೆ. ಶುಂಠಿ, ಆಲೂಗಡ್ಡೆ ಎರಡನ್ನೂ ಸೊರಗಿಸುವ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ) ವೈರಸ್ ಹಾಸನದ ಶುಂಠಿ ಹೊಲದಲ್ಲೇ ಇದೆಯಾ? ಇದೂ ಒಳ್ಳೆಯ ಪ್ರಶ್ನೆಯೇ.

ಮಣ್ಣು ತೆಗೆಯುವ ಮೊದಲು ತೋಟದ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಆಮೇಲೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಹತ್ತಿರ ಕೂತು ಮಾತಾಡಿ. ಸುಣ್ಣ ಯಾವಾಗ ಹಾಕಿದರು, ಬೋರ್ಡೋ ಎಷ್ಟು ಸಲ ಹೊಡೆದರು, ಗೊಬ್ಬರ ಯಾವುದು, ನೆರಳಿಗೆ ಸಿಲ್ವರ್ ಓಕ್ ಇದೆಯಾ ಕಾಡು ಮರಗಳಾ, ಅರೇಬಿಕಾನಾ ರೋಬಸ್ಟಾನಾ ಅಂತ ಕೇಳಿ ಎಲ್ಲವನ್ನೂ ಬರೆದುಕೊಳ್ಳಿ. ಜಿಪಿಎಸ್, ತಾರೀಖು, ಆಳ, ಪಿಎಚ್ (ಮಣ್ಣಿನ ಆಮ್ಲೀಯತೆಯ ಅಳತೆ) ಎಲ್ಲರೂ ಬರೆಯುತ್ತಾರೆ, ಅದು ಬೇಕೇ ಬೇಕು. ಆದರೆ ಸುಣ್ಣ ಪಿಎಚ್ ಏರಿಸುತ್ತದೆ, ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಎರಡೂ ಯಾವ ಸೂಕ್ಷ್ಮಜೀವಿ ಉಳಿಯಬೇಕು ಅನ್ನೋದನ್ನು ಬದಲಿಸುತ್ತವೆ. ಈ ವಿವರ ಇಲ್ಲದ ಜೀನೋಮ್‌ನಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗಲ್ಲ. ಭದ್ರಾ ಅಭಯಾರಣ್ಯ, ಕುದುರೆಮುಖದಂಥ ಜಾಗಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಲೇಬೇಡಿ.

ಪ್ರಯೋಗಾಲಯದ ಕೆಲಸ ಗೊತ್ತಿರುವಂಥದ್ದೇ. ಮಣ್ಣನ್ನು ನೆರಳಲ್ಲಿ ಒಣಗಿಸಿ. ಬೇಗ ಬೆಳೆಯುವ ಬ್ಯಾಕ್ಟೀರಿಯಾ ಎಷ್ಟೋ ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್‌ನ ಬೀಜಕಗಳು ಉಳಿಯುತ್ತವೆ. ಬ್ಯಾಕ್ಟೀರಿಯಾ ಬೆಳೆಸುವ ಸ್ಟಾರ್ಚ್ ಕೇಸಿನ್ ಅಗಾರ್‌ಗೆ ಶಿಲೀಂಧ್ರ ತಡೆಯಲು ನಿಸ್ಟಾಟಿನ್ ಹಾಕಿ, 28 ಡಿಗ್ರಿಯಲ್ಲಿ ಒಂದೆರಡು ವಾರ ಬಿಡಿ. ಒಣಗಿದ ಪುಡಿಯಂಥ, ಮಳೆ ಬಿದ್ದ ಮಣ್ಣಿನ ವಾಸನೆಯ ಕಾಲೊನಿಗಳನ್ನು ಆರಿಸಿ. ಡಿಎನ್‌ಎ ತೆಗೆಯುವಾಗ ಕೋಶದ ಗೋಡೆ ಒಡೆಯುವ ಲೈಸೊಜೈಮ್‌ಗೆ ಸಾಕಷ್ಟು ಸಮಯ ಕೊಡಿ, ಜೋರಾಗಿ ಅಲುಗಾಡಿಸಬೇಡಿ. ಸ್ಟ್ರೆಪ್ಟೊಮೈಸಿಸ್ ಜೀನೋಮ್ ಸುಮಾರು 80 ಲಕ್ಷದಿಂದ 1 ಕೋಟಿ ಡಿಎನ್‌ಎ ಅಕ್ಷರ, ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳಲ್ಲಿ ಶೇ 70ಕ್ಕಿಂತ ಜಾಸ್ತಿ ಜಿ ಮತ್ತು ಸಿ. ಚೂರುಚೂರಾದ ಡಿಎನ್‌ಎ ಕೊಟ್ಟರೆ, ಓದಿದ ತುಂಡುಗಳನ್ನು ಕಂಪ್ಯೂಟರ್‌ನಲ್ಲಿ ಸೇರಿಸುವ ಜೋಡಣೆಯೂ ಚೂರುಚೂರೇ.

ಇನ್ನು ಜೊತೆಗಾರರು. ಅಮೆರಿಕದ ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್ ಹೊರದೇಶದವರ ಅರ್ಜಿಯನ್ನೂ ನೋಡುತ್ತದೆ, ಆಯ್ಕೆಯಾದರೆ ಸೀಕ್ವೆನ್ಸಿಂಗ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ಅದು ಅಲ್ಲಿನ ಇಂಧನ ಇಲಾಖೆಯ ಸಂಸ್ಥೆ. ಮನುಷ್ಯರ ಔಷಧಿ ಹುಡುಕುತ್ತೇವೆ ಅಂತ ಬರೆದರೆ ಹೊಂದಲ್ಲ. ಮಣ್ಣು, ಪರಿಸರದ ಪ್ರಶ್ನೆ ಹೊಂದುತ್ತದೆ. ಇಲ್ಲಿಂದ ಮಾದರಿ ಹೊರದೇಶಕ್ಕೆ ಹೋಗುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕಾಗದಪತ್ರ ಮೊದಲು, ಕೊರಿಯರ್ ಆಮೇಲೆ. ಲೇಖನದಲ್ಲಿ ಯಾರ ಹೆಸರು ಎಲ್ಲಿ, ದತ್ತಾಂಶ ಯಾವಾಗ ಎಲ್ಲರಿಗೂ ತೆರೆಯಬೇಕು, ಲಾಭ ಬಂದರೆ ಯಾರಿಗೆ ಎಷ್ಟು, ಮಣ್ಣು ತೆಗೆದ ವಿದ್ಯಾರ್ಥಿಯ ಹೆಸರು ಇರುತ್ತದಾ ಅನ್ನೋದನ್ನೂ ಸ್ಯಾಂಪಲ್ ಕಳಿಸುವ ಮೊದಲೇ ಬರೆದು ಸಹಿ ಹಾಕಿಸಿ. ಸಂಕೋಚ ಬೇಡ.

ಜೀನೋಮ್ ಕೈಗೆ ಬಂದ ಮೇಲೆ ಲ್ಯಾಪ್‌ಟಾಪ್, ಇಂಟರ್‌ನೆಟ್ ಸಾಕು. 2011ರಿಂದ ಉಚಿತವಾಗಿ ಸಿಗುವ ಆಂಟಿಸ್ಮ್ಯಾಶ್ ಸಾಫ್ಟ್‌ವೇರ್‌ಗೆ ಹಾಕಿ. ರಾಸಾಯನಿಕ ತಯಾರಿಸುವ ಜೀನ್ ಗುಂಪುಗಳನ್ನು ಅದು ತೋರಿಸುತ್ತದೆ. ಗೊತ್ತಿರುವವುಗಳಿಗೆ ಹೋಲಿಕೆ ಕಡಿಮೆ ಇದೆ ಅಂತ ತಕ್ಷಣ ಖುಷಿಪಡಬೇಡಿ, ಆ ಗುಂಪು ಜೋಡಣೆಯ ತುಂಡಿನ ಅಂಚಿನಲ್ಲಿ ಕತ್ತರಿಸಿಹೋಗಿದೆಯಾ ನೋಡಿ. ಜೀನೋಮ್ ಒಳಗೆ ಅಡಗಿರುವ ವೈರಸ್‌ಗಳನ್ನು ಹುಡುಕಲು ಜೀನೋಮ್ಯಾಡ್, ಅವು ಎಷ್ಟು ಪೂರ್ತಿಯಾಗಿವೆ ಅಂತ ನೋಡಲು ಚೆಕ್‌ವಿ ಸಾಫ್ಟ್‌ವೇರ್‌ ಇವೆ. ಜೀನ್ ಇದ್ದ ಮಾತ್ರಕ್ಕೆ ರಾಸಾಯನಿಕ ತಯಾರಾಗುತ್ತದೆ ಅಂತಲ್ಲ, ಎಷ್ಟೋ ಗುಂಪುಗಳು ಪ್ಲೇಟ್ ಮೇಲೆ ಸುಮ್ಮನೆ ಇರುತ್ತವೆ. ಆಹಾರ ಬದಲಿಸಿ ಬೆಳೆಸಿ, ಸಾರ ತೆಗೆದು, ಅದರಲ್ಲಿನ ರಾಸಾಯನಿಕಗಳನ್ನು ಅಣುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿ.

ತಳಿಯನ್ನು ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಪ್ರತಿಯನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಎಂಆರ್‌ನಂಥ ಸೂಕ್ಷ್ಮಜೀವಿ ಸಂಗ್ರಹಕ್ಕೂ ಕೊಡಿ. ಕರೆಂಟ್ ಹೋಗಿ ಫ್ರೀಜರ್ ಕೈಕೊಟ್ಟರೂ ತಳಿ ಉಳಿಯುತ್ತದೆ. ಪಿಎಚ್, ತಾಮ್ರದ ಫಲಿತಾಂಶವನ್ನು ತೋಟದವರಿಗೂ ಕನ್ನಡದಲ್ಲಿ ಬರೆದು ಕೊಡಿ.