ಮಗ್ಗದ ಶೆಡ್ಡಿನಲ್ಲಿ ಕಲಾಕೇಂದ್ರ: ನನ್ನ ಅನುಭವ

ಕುಶಾಲನಗರದ ಹೊರವಲಯದಲ್ಲಿರುವ ನಮ್ಮ ಪವರ್‌ಲೂಮ್ ಶೆಡ್ ಮುಚ್ಚಿದಾಗ, ಅದನ್ನು ಕಾಫಿ ಗೋದಾಮಿಗೆ ಬಾಡಿಗೆ ಕೊಟ್ಟುಬಿಡುವುದೇ ಜಾಣತನವೆಂದು ಬಂಧುಗಳೂ ಸಾಲ ಕೊಟ್ಟವರೂ ಒಂದೇ ದನಿಯಲ್ಲಿ ಹೇಳಿದ್ದರು. ಇಂಗ್ಲೆಂಡಿನ ಸಾಲ್ಟೇರ್‌ನಲ್ಲಿ 1853ರಲ್ಲಿ ಆರಂಭವಾದ ಉಣ್ಣೆ ಗಿರಣಿಯಲ್ಲಿ 1987ರಿಂದ ಡೇವಿಡ್ ಹಾಕ್ನಿಯವರ ಚಿತ್ರಗಳ ಗ್ಯಾಲರಿ ನಡೆಯುತ್ತಿದೆ, ನಮ್ಮ ಶೆಡ್ಡೂ ಕಲಾಕೇಂದ್ರವಾಗಬಹುದು ಎಂದು ನಾನು ವಾದಿಸಿದರೆ, ಅಲ್ಲಿ ನಮ್ಮ ಮಳೆ ಇದೆಯೇ ಎಂದು ಕೇಳುತ್ತಿದ್ದರು. ಕೇಳಿದ್ದರಲ್ಲಿ ಹುರುಳಿತ್ತು. ಕೆಲವು ಮಳೆಗಾಲಗಳನ್ನು ದಾಟಿಸಿಕೊಂಡ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚು ಹಣ ನುಂಗಿದ್ದು ನೆಲ. ವರ್ಷಗಟ್ಟಲೆ ಮಗ್ಗದ ಎಣ್ಣೆ ಕುಡಿದ ಕಾಂಕ್ರೀಟಿನ ಮೇಲೆ ಗುತ್ತಿಗೆದಾರರೊಬ್ಬರು ಧೈರ್ಯ ಹೇಳಿ ಎಪಾಕ್ಸಿ ಎಂಬ ರಾಳದ ಲೇಪ ಬಳಿದರು. ಮೊದಲ ಮಳೆಗಾಲದಲ್ಲೇ ಅದು ಹಪ್ಪಳದಂತೆ ಎದ್ದುಬಂತು, ಒಂದೂವರೆ ಲಕ್ಷದಷ್ಟು ನೀರುಪಾಲಾಯಿತು. ಕೊನೆಗೆ ಮಗ್ಗದ ಬೋಲ್ಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಮೇಲ್ಪದರವನ್ನು ಕೆತ್ತಿಸಿ, ಎಣ್ಣೆಯನ್ನು ತೊಳೆದು, ಹೊಸ ಗಾರೆಯ ಮೇಲೆ ರೆಡ್ ಆಕ್ಸೈಡ್ ಹಾಕಿಸಿದೆ. ಇಂದಿಗೂ ಒಂದು ಬಿರುಕಿಲ್ಲ. ತೊಳೆದ ಮಿಶ್ರಣದ ಅಳತೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಾರ್ತ್‌ಲೈಟ್ ಛಾವಣಿಯನ್ನು, ಅಂದರೆ ಉತ್ತರಕ್ಕೆ ಮುಖಮಾಡಿದ ಗಾಜುಗಳಿರುವ ಗರಗಸದ ಹಲ್ಲಿನಂಥ ಛಾವಣಿಯನ್ನು, ತೆಗೆಸಿ ಸಾದಾ ಶೀಟು ಹೊದಿಸಲು ಎಲ್ಲರೂ ಒತ್ತಾಯಿಸಿದರೂ ನಾನು ಒಪ್ಪಲಿಲ್ಲ, ಏಕೆಂದರೆ ಚಿತ್ರ ಬರೆಯುವವರಿಗೆ ಬೇಕಾದ ನೆರಳಿಲ್ಲದ ಬೆಳಕನ್ನು ಅದು ಪುಕ್ಕಟೆಯಾಗಿ ಕೊಡುತ್ತದೆ. ಆದರೆ ಯುರೋಪಿನ ಈ ಕಟ್ಟಡ ವಿನ್ಯಾಸವನ್ನು ನಮ್ಮಲ್ಲಿ ಹಾಗೆಯೇ ನಂಬುವಂತಿಲ್ಲ. ನಮ್ಮ ಅಕ್ಷಾಂಶ ಸುಮಾರು 12.5 ಡಿಗ್ರಿಯಾದ್ದರಿಂದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯನೂ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಜೂನ್ ನಂತರ ಮೋಡ ಕಾಯುತ್ತದೆ. ಮೇ ತಿಂಗಳಲ್ಲಿ ಮಾತ್ರ ಬೆಳಗ್ಗೆ, ಸಂಜೆಯ ಓರೆಬಿಸಿಲು ನೇರ ಜಲವರ್ಣದ ಹಾಳೆಯ ಮೇಲೆಯೇ ಬೀಳುತ್ತದೆ. ಗಾಜಿನ ಒಳಗೆ ಮಡಚಿಡಬಹುದಾದ ಕೋರಾ ಬಟ್ಟೆಯ ಪರದೆ ಕಟ್ಟಿ ಅದನ್ನು ತಡೆದೆ.

ಪ್ರತಿಧ್ವನಿ ತಗ್ಗಿಸಲು ಕಾಫಿ ಕ್ಯೂರಿಂಗ್ ಘಟಕಗಳ ಹಳೆಯ ಗೋಣಿಚೀಲಗಳನ್ನು ತಲಾ 25 ರೂಪಾಯಿಯಂತೆ ಕೊಂಡು, ಬೇಗ ಬೆಂಕಿ ಹತ್ತದಂತೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಒಣಗಿಸಿ, ಛಾವಣಿಗೆ ಅಂಟಿಸದೆ ಗೇಣು ಬಿಟ್ಟು ತೂಗುಹಾಕಿದ್ದೇನೆ. ಆ ಗೇಣಿನ ಅಂತರವಿಲ್ಲದಿದ್ದರೆ ಫಲ ಅರ್ಧಕ್ಕರ್ಧ. ಅಕೌಸ್ಟಿಕ್ ಹಲಗೆಗೆ ಕೇಳಿದ ಬೆಲೆಯ ಹತ್ತನೆಯ ಒಂದು ಪಾಲೂ ಖರ್ಚಾಗಲಿಲ್ಲ. ಚಿತ್ರಗಳನ್ನು ಹೊರಗೋಡೆಗೆ ತೂಗುಹಾಕದೆ, ಗೋಡೆಯಿಂದ ನಾಲ್ಕು ಇಂಚು ಈಚೆಗೆ ನಿಂತ ಹಲಗೆಗಳ ಮೇಲಿಟ್ಟರೆ ಬೂಷ್ಟು ಬಹುತೇಕ ಹತ್ತಿರ ಸುಳಿಯುವುದಿಲ್ಲ.

ನಡುವೆ ಕಾಫಿ ಹಣ್ಣಿನ ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಹಾಕಲು ಹೊರಟೆ. ಪಟಿಕದೊಂದಿಗೆ ಮಂಕು ಕಂದು, ಅನ್ನಭೇದಿಯೊಂದಿಗೆ (ಕಬ್ಬಿಣದ ಲವಣ) ಒಳ್ಳೆಯ ಬೂದು ಬಣ್ಣ ಬಂತು. ಕೊಡವರು ಸೊಂಟಕ್ಕೆ ಕಟ್ಟುವ ರೇಷ್ಮೆಯ ಚೇಲೆಯ ಕೆಂಪಿಗೆ ಅದರಿಂದ ದಾರಿಯೇ ಇಲ್ಲ. ಆದರೂ ಆ ಬೂದು ಬಟ್ಟೆಯ ಕಾರ್ಯಾಗಾರಕ್ಕೇ ಈಗ ಹೆಚ್ಚು ಜನ ಬರುತ್ತಾರೆ.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ವಿದ್ಯುತ್ತಿನ ಮಂಜೂರಾದ ಲೋಡನ್ನು, ಅಂದರೆ ಸಂಪರ್ಕಕ್ಕೆ ಮಂಜೂರಾದ ಗರಿಷ್ಠ ಬಳಕೆಯ ಮಿತಿಯನ್ನು, ಇಳಿಸಿಕೊಳ್ಳಬೇಕು. ಮಗ್ಗಗಳಿಲ್ಲದಿದ್ದರೂ ಅವುಗಳ ಕಾಲದ ನಿಗದಿತ ಶುಲ್ಕ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಒಟ್ಟು ಖರ್ಚು ಹದಿನೆಂಟು ಲಕ್ಷದ ಆಸುಪಾಸು. ಗೋದಾಮಿಗೆ ಕೊಟ್ಟಿದ್ದರೆ ಬಾಡಿಗೆಯಾಗಿ ಬರುತ್ತಿದ್ದಷ್ಟು ಹಣ ಕಳೆದ ವರ್ಷದಿಂದ ಕಾರ್ಯಾಗಾರಗಳಿಂದಲೇ ಬರುತ್ತಿದೆ.